ಜೆಬ್ಕೊ ಸಾಗರತಳ ದತ್ತಾಂಶ: ಅಳೆದ ಆಳವೆಷ್ಟು, ಅಂದಾಜಿನ ಆಳವೆಷ್ಟು

ಪದವಿ ತರಗತಿಗಳಿಗೆ ಭೂವಿಜ್ಞಾನ ಕಲಿಸುವ ನನ್ನ ಬಳಿ ಅರಬ್ಬೀ ಸಮುದ್ರದ ತಳವನ್ನು ತೋರಿಸಲು ಬಹುಕಾಲ ಇದ್ದದ್ದು ಗೋಡೆಗೆ ತೂಗುಹಾಕಿದ ಒಂದು ಭೂಪಟ ಮಾತ್ರ. ಅದರಲ್ಲಿ ಸಹ್ಯಾದ್ರಿಯ ಏರಿಳಿತಗಳಿಗೆ ಕಂದು ಬಣ್ಣದ ಹಲವು ಛಾಯೆಗಳಿದ್ದರೆ, ಮಂಗಳೂರಿನಿಂದ ಪಶ್ಚಿಮಕ್ಕೆ ಹೊರಟ ಕಣ್ಣಿಗೆ ಸಿಗುತ್ತಿದ್ದದ್ದು ಎರಡೇ ನೀಲಿ: ದಡದ ಹತ್ತಿರ ತಿಳಿ, ಆಚೆಗೆ ಗಾಢ. ನೆಲದ ಮೇಲಿನ ಬೆಟ್ಟಗಳಿಗೆ ಹೆಸರಿದೆ, ಎತ್ತರವಿದೆ, ವಯಸ್ಸಿದೆ; ನೀರಿನ ಕೆಳಗಿನ ನೆಲ ಮಾತ್ರ ಒಂದು ಬಣ್ಣವಾಗಿ ಉಳಿದುಬಿಡುತ್ತದೆ ಎಂಬ ಕೊರತೆ ನನ್ನನ್ನು ಕಾಡುತ್ತಿತ್ತು. ಎರಡು ಶೈಕ್ಷಣಿಕ ವರ್ಷಗಳಿಂದ ಜೆಬ್ಕೊ ಸಂಸ್ಥೆಯ ಸಾಗರತಳ ದತ್ತಾಂಶವನ್ನು ಪ್ರಯೋಗಾಲಯದಲ್ಲಿ ಬಳಸುತ್ತಿದ್ದೇನೆ. ಅದರ ಜೊತೆಗೆ, ಸಾಗರತಳವನ್ನು ಕೊರೆದು ತೆಗೆದ ಹೂಳಿನ ಕೋರ್‌ಗಳ ಬಗ್ಗೆ ಅಂತರರಾಷ್ಟ್ರೀಯ ಕೊರೆತ ಕಾರ್ಯಕ್ರಮವು ಉಚಿತವಾಗಿ ಪ್ರಕಟಿಸಿರುವ ವರದಿಗಳನ್ನೂ ಓದಿಸುತ್ತಿದ್ದೇನೆ. ಈ ಎರಡನ್ನು ಒಟ್ಟಿಗೆ ಬಳಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಜೆಬ್ಕೊ ಎಂಬುದು 'ಜನರಲ್ ಬ್ಯಾಥಿಮೆಟ್ರಿಕ್ ಚಾರ್ಟ್ ಆಫ್ ದಿ ಓಷನ್ಸ್' ಎಂಬ ಹೆಸರಿನ ಹ್ರಸ್ವರೂಪ. 1903ರಲ್ಲಿ ಮೊನಾಕೊದ ರಾಜಕುಮಾರ ಒಂದನೆಯ ಆಲ್ಬರ್ಟ್ ಅವರ ಆಸರೆಯಲ್ಲಿ ಆರಂಭವಾದ ಈ ಕೆಲಸದ ಮೊದಲ ಆವೃತ್ತಿ 1905ರಲ್ಲಿ 24 ಹಾಳೆಗಳಲ್ಲಿ ಹೊರಬಂದಾಗ, ಇಡೀ ಜಗತ್ತಿನ ಸಾಗರಗಳಿಗೆ ಸೇರಿ ಅದರ ಆಧಾರವಾಗಿದ್ದದ್ದು ಸುಮಾರು 18,400 ಆಳದ ಅಳತೆಗಳು. ಹಡಗು ನಿಲ್ಲಿಸಿ, ಭಾರ ಕಟ್ಟಿದ ಹಗ್ಗವನ್ನೋ ತಂತಿಯನ್ನೋ ಇಳಿಬಿಟ್ಟು, ಅದು ತಳ ಮುಟ್ಟಿದ್ದನ್ನು ಅಂದಾಜಿಸಿ ಬರೆದಿಟ್ಟ ಸಂಖ್ಯೆಗಳು ಅವು. ಇಂದಿನ ದತ್ತಾಂಶವು ಭೂಮಿಯ ಮೇಲ್ಮೈಯನ್ನು 15 ಆರ್ಕ್ ಸೆಕೆಂಡುಗಳ (ಒಂದು ಆರ್ಕ್ ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೆಯ ಒಂದು ಪಾಲು) ಅಂತರದಲ್ಲಿ ಚೌಕಗಳಾಗಿ ಹಂಚಿದೆ. 43,200 ಅಡ್ಡಸಾಲು ಮತ್ತು 86,400 ಉದ್ದಸಾಲುಗಳು ಸೇರಿ 373 ಕೋಟಿಗೂ ಹೆಚ್ಚು ಚೌಕಗಳಾಗುತ್ತವೆ, ಪ್ರತಿಯೊಂದಕ್ಕೂ ಮೀಟರ್ ಲೆಕ್ಕದಲ್ಲಿ ಒಂದು ಎತ್ತರ ಅಥವಾ ಆಳದ ಸಂಖ್ಯೆ ಇರುತ್ತದೆ. ಪ್ರತಿ ವರ್ಷ ಪರಿಷ್ಕೃತ ಆವೃತ್ತಿ ಬರುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ 2024ರ ಆವೃತ್ತಿಯ ಬಗ್ಗೆ.

ಬೆಲೆಯ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ದತ್ತಾಂಶ ಸಾರ್ವಜನಿಕ ಸ್ವತ್ತು. ಬಳಸಿದಲ್ಲಿ ಮೂಲವನ್ನು ಉಲ್ಲೇಖಿಸಬೇಕು ಎಂಬುದಷ್ಟೇ ಕೋರಿಕೆ. ಇಡೀ ಜಗತ್ತಿನ ಕಡತವನ್ನು ಇಳಿಸಿಕೊಂಡರೆ ಬಿಚ್ಚಿದ ಮೇಲೆ ಅದು 7 ಜಿಬಿಗೂ ಮೀರುತ್ತದೆ, ಸಾಮಾನ್ಯ ಕಾಲೇಜು ಪ್ರಯೋಗಾಲಯದ ಕಂಪ್ಯೂಟರ್ ಅದನ್ನು ತೆರೆಯಲು ಹೆಣಗುತ್ತದೆ. ಆದ್ದರಿಂದ ಬೇಕಾದ ಪ್ರದೇಶದ ಅಕ್ಷಾಂಶ, ರೇಖಾಂಶಗಳನ್ನು ನಮೂದಿಸಿ ಅಷ್ಟನ್ನೇ ಕತ್ತರಿಸಿಕೊಳ್ಳುವ ಸೌಲಭ್ಯ ನಮ್ಮಂಥವರಿಗೆ ದೊಡ್ಡ ಉಪಕಾರ. ಉತ್ತರ ಅಕ್ಷಾಂಶ 8ರಿಂದ 20, ಪೂರ್ವ ರೇಖಾಂಶ 65ರಿಂದ 76ರವರೆಗಿನ ತುಂಡಿನಲ್ಲಿ ಸುಮಾರು 76 ಲಕ್ಷ ಚೌಕಗಳಿವೆ. ಬರಿಯ ಆಳದ ಸಂಖ್ಯೆಗಳಾಗಿ ಲೆಕ್ಕ ಹಾಕಿದರೆ ಅದು 15 ಎಂಬಿಯಷ್ಟೇ ಆಗುತ್ತದೆ, ಹಳೆಯ ಯಂತ್ರದಲ್ಲೂ ತೊಂದರೆಯಿಲ್ಲದೆ ತೆರೆದುಕೊಳ್ಳುತ್ತದೆ. ನೆಟ್‌ಸಿಡಿಎಫ್, ಜಿಯೋಟಿಫ್ ಮತ್ತು ಸರಳ ಪಠ್ಯರೂಪದಲ್ಲಿ ಕಡತಗಳು ಸಿಗುತ್ತವೆ. ಹೊಸಬರು ಜಿಯೋಟಿಫ್ ಆರಿಸಿಕೊಂಡು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯುವುದು ಒಳ್ಳೆಯದು.

ಆ ತುಂಡಿಗೆ ಬಣ್ಣ ಕೊಟ್ಟು, ಬೆಟ್ಟಗಳ ನೆರಳು ಮೂಡುವಂತೆ ಮಾಡಿದ ಮೊದಲ ದಿನ ತರಗತಿಯಲ್ಲಿ ಉಂಟಾದ ಮೌನ ನನಗೆ ಇನ್ನೂ ನೆನಪಿದೆ. ಕರಾವಳಿಯಿಂದ ಆಚೆಗೆ ಚಾಚಿಕೊಂಡ ಆಳವಿಲ್ಲದ ನೆಲವು ಮುಂಬೈ ಎದುರು ಬಹಳ ಅಗಲವಾಗಿದ್ದು, ತೆಂಕಣಕ್ಕೆ ಬಂದಂತೆ ಕಿರಿದಾಗುತ್ತ, ಕೊನೆಗೆ ಥಟ್ಟನೆ ಇಳಿಜಾರಾಗಿ ಕಡಲಾಳಕ್ಕೆ ಜಾರುವುದನ್ನು ವಿದ್ಯಾರ್ಥಿಗಳು ಬೆರಳಿನಿಂದ ಗುರುತಿಸಿದರು. ಲಕ್ಷದ್ವೀಪ ಎಂದರೆ ನೀರಿನ ಮೇಲೆ ತೇಲುವ ಹಸಿರು ಚುಕ್ಕೆಗಳು ಎಂದುಕೊಂಡಿದ್ದವರಿಗೆ, ಅವು ಉತ್ತರ ದಕ್ಷಿಣವಾಗಿ ಹಬ್ಬಿದ ಒಂದು ಭಾರೀ ಏಣಿನ (ಮುಳುಗಿದ ಬೆಟ್ಟಸಾಲಿನ) ನೆತ್ತಿಯ ತುದಿಗಳು ಎಂಬುದು ಕಣ್ಣಾರೆ ತಿಳಿಯಿತು. ಅದರಿಂದ ವಾಯವ್ಯಕ್ಕೆ ಲಕ್ಷ್ಮೀ ಬೇಸಿನ್ ಎಂಬ ತಗ್ಗು ಇದೆ; ಆ ತಗ್ಗಿನ ನಡುವೆ ಎದ್ದ ಮೂರು ಬೆಟ್ಟಗಳಿಗೆ ರಾಮನ್, ಪಣಿಕ್ಕರ್ ಮತ್ತು ವಾಡಿಯಾ ಎಂದು ಹೆಸರು. ತಮ್ಮ ಬದುಕಿನ ಕೊನೆಯ ದಶಕಗಳನ್ನು ಬೆಂಗಳೂರಿನಲ್ಲಿ ಕಳೆದ ಸಿ.ವಿ. ರಾಮನ್, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಕೆ. ಪಣಿಕ್ಕರ್, ಭೂವಿಜ್ಞಾನಿ ಡಿ.ಎನ್. ವಾಡಿಯಾ ಇವರ ನೆನಪು ನಮ್ಮ ಪಶ್ಚಿಮದ ಕಡಲಿನ ಅಡಿಯಲ್ಲಿ ನಿಂತಿದೆ ಎಂಬುದನ್ನು ನಾನು ಪ್ರತಿ ವರ್ಷವೂ ವಿಶೇಷವಾಗಿ ಹೇಳುತ್ತೇನೆ. ಸಾಗರತಳದ ಭೂರೂಪಗಳ ಹೆಸರುಗಳ ಪಟ್ಟಿಯೂ ಜೆಬ್ಕೊ ಬಳಿಯೇ ಉಚಿತವಾಗಿ ಸಿಗುತ್ತದೆ, ಅದನ್ನೂ ನಕ್ಷೆಯ ಮೇಲೆ ಹೊದಿಸಬಹುದು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಅರ್ಧ ವಿಮರ್ಶೆ. ಜೆಬ್ಕೊ ದತ್ತಾಂಶದೊಡನೆ ಟಿಐಡಿ ಎಂಬ ಇನ್ನೊಂದು ಕಡತ ಸಿಗುತ್ತದೆ. ಬಹಳ ಮಂದಿ ಅದನ್ನು ಇಳಿಸಿಕೊಳ್ಳುವುದೇ ಇಲ್ಲ; ಮೊದಲ ವರ್ಷ ನಾನೂ ಇಳಿಸಿಕೊಂಡಿರಲಿಲ್ಲ. ಕಾರವಾರದಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದು, ಆ ಗೆರೆಯುದ್ದಕ್ಕೂ ಆಳದ ಅಡ್ಡಸೀಳನ್ನು ಬಿಡಿಸುವುದು ನಮ್ಮ ಅಭ್ಯಾಸವಾಗಿತ್ತು. ದಾರಿಯಲ್ಲಿ ಎದುರಾದ ಚಿಕ್ಕ ದಿಣ್ಣೆಗಳ ಎತ್ತರವನ್ನು ಮೀಟರ್ ಲೆಕ್ಕದಲ್ಲಿ ಬರೆಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಇದನ್ನು ಯಾವ ಹಡಗು ಅಳೆಯಿತು?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಟಿಐಡಿ ಕಡತವನ್ನು ತೆರೆದೆ. ಅದರಲ್ಲಿ ಪ್ರತಿ ಚೌಕಕ್ಕೂ ಒಂದು ಸಂಕೇತವಿದೆ: ಒಂದೇ ಧ್ವನಿಕಿರಣದಿಂದ ಅಳೆದದ್ದಾದರೆ 10, ಮಲ್ಟಿಬೀಮ್ ಉಪಕರಣದಿಂದ ಅಳೆದದ್ದಾದರೆ 11, ಉಪಗ್ರಹದ ಗುರುತ್ವ ದತ್ತಾಂಶದಿಂದ ಅಂದಾಜಿಸಿದ್ದಾದರೆ 40. ನಾವು ಎಳೆದ ಗೆರೆಯ ಬಹುಭಾಗ 40ರ ಮೇಲೆಯೇ ಹಾದುಹೋಗಿತ್ತು. ನಾನು ಮೀಟರ್ ಲೆಕ್ಕದಲ್ಲಿ ಬರೆಸಿದ್ದ ದಿಣ್ಣೆಗಳನ್ನು ಯಾವ ಹಡಗೂ ಅಳೆದಿರಲಿಲ್ಲ. ಆ ವಾರದ ದಾಖಲೆ ಪುಸ್ತಕಗಳನ್ನೆಲ್ಲ ಮರಳಿ ತರಿಸಿಕೊಂಡು, ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದರ ಸಂಕೇತವನ್ನೂ ಬರೆಸಿದೆ.

ಅಳತೆ ಮತ್ತು ಅಂದಾಜಿನ ನಡುವಿನ ಅಂತರ ಎಂಥದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಡಗಿನ ತಳದಿಂದ ಹೊರಟ ಧ್ವನಿ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗಿ, ನೆಲಕ್ಕೆ ಬಡಿದು ಮರಳುತ್ತದೆ. 3,600 ಮೀಟರ್ ಆಳವಿದ್ದಲ್ಲಿ ಹೋಗಿಬರಲು ಐದು ಸೆಕೆಂಡುಗಳ ಹತ್ತಿರ ಬೇಕು. ಮಲ್ಟಿಬೀಮ್ ಉಪಕರಣ ಇಂಥ ನೂರಾರು ಕಿರಣಗಳನ್ನು ಬೀಸಣಿಗೆಯಂತೆ ಎರಡೂ ಬದಿಗೆ ಹರಡಿ, ಹಡಗು ಸಾಗಿದಂತೆ ನೆಲದ ಒಂದು ಅಗಲವಾದ ಪಟ್ಟಿಯನ್ನೇ ಅಳೆಯುತ್ತದೆ. ಆ ಪಟ್ಟಿ ಅಗಲವೆಂದರೂ ಸಾಗರ ಅದಕ್ಕಿಂತ ಎಷ್ಟೋ ಪಟ್ಟು ವಿಶಾಲ. ಹಡಗಿನ ಒಂದೊಂದು ದಿನಕ್ಕೂ ಭಾರೀ ವೆಚ್ಚ ತಗಲುತ್ತದೆ. ಹಡಗು ಹೋಗದ ಕಡೆ ಉಪಗ್ರಹವೇ ಗತಿ. ಉಪಗ್ರಹಕ್ಕೆ ಸಾಗರತಳ ಕಾಣಿಸುವುದಿಲ್ಲ. ಅದು ಅಳೆಯುವುದು ಸಮುದ್ರದ ಮೇಲ್ಮೈಯ ಎತ್ತರವನ್ನು. ಸುಮಾರು 2,000 ಮೀಟರ್ ಎತ್ತರದ ಒಂದು ಮುಳುಗು ಪರ್ವತ ತನ್ನ ಗುರುತ್ವದಿಂದ ಸುತ್ತಲಿನ ನೀರನ್ನು ಸೆಳೆದುಕೊಂಡು, ತನ್ನ ನೆತ್ತಿಯ ಮೇಲೆ ಸಮುದ್ರದ ಮಟ್ಟವನ್ನು ಸುಮಾರು 2 ಮೀಟರ್‌ನಷ್ಟು ಉಬ್ಬಿಸುತ್ತದೆ. ಮೀನುಗಾರರ ಕಣ್ಣಿಗೆ ಎಂದೂ ಕಾಣದ ಆ ಉಬ್ಬನ್ನು ಉಪಗ್ರಹ ಗುರುತಿಸುತ್ತದೆ, ಅದರಿಂದ ತಳದ ಆಕಾರವನ್ನು ಲೆಕ್ಕ ಹಾಕುತ್ತಾರೆ. ಅದ್ಭುತವಾದ ವಿಧಾನ ಇದು. ಆದರೆ ಸಣ್ಣ ದಿಣ್ಣೆಗಳನ್ನು ಅದು ಕಾಣಲಾರದು. ಜೊತೆಗೆ ಹೂಳು ದಪ್ಪವಾಗಿ ತುಂಬಿದ ಕಡೆ ಅದರ ಲೆಕ್ಕ ದುರ್ಬಲವಾಗುತ್ತದೆ, ಏಕೆಂದರೆ ಅಲ್ಲಿ ಗುರುತ್ವಕ್ಕೆ ಸ್ಪಂದಿಸುವುದು ಹೂಳಿನ ಕೆಳಗೆ ಹುದುಗಿದ ಬಂಡೆ, ಮೇಲಿನ ನೆಲ ಚಪ್ಪಟೆಯಾಗಿಯೇ ಇರಬಹುದು. ನಮ್ಮ ಪಶ್ಚಿಮದ ಕಡಲು ನಿಖರವಾಗಿ ಅಂಥದ್ದು. ಸಿಂಧೂ ನದಿ ಹಿಮಾಲಯದಿಂದ ಕೊರೆದು ತಂದು ಸುರಿದ ಹೂಳು ಅಲ್ಲಿ ಜಗತ್ತಿನ ಎರಡನೆಯ ಅತಿ ದೊಡ್ಡ ಸಾಗರತಳ ಬೀಸಣಿಗೆಯಾಗಿ ಹರಡಿದೆ. ಮೊದಲನೆಯದು ಬಂಗಾಳ ಕೊಲ್ಲಿಯಲ್ಲಿದೆ.

ಈ ಕಾರಣಕ್ಕಾಗಿಯೇ ನಾನು ಜೆಬ್ಕೊ ಸೇವೆಯನ್ನು ಹೆಚ್ಚು ಗೌರವಿಸುತ್ತೇನೆ. ಅಂದಾಜನ್ನು ಅಳತೆಯೊಡನೆ ಬೆಸೆದು ಚೆಂದದ ನಕ್ಷೆ ಮಾಡಿಕೊಡುವುದು ಕಷ್ಟವಲ್ಲ. ಎಲ್ಲಿ ಬೆಸುಗೆ ಹಾಕಿದ್ದೇವೆ ಎಂಬುದನ್ನು ಚೌಕ ಚೌಕಕ್ಕೂ ಬರೆದುಕೊಡುವುದು ದೊಡ್ಡ ಕೆಲಸ. 2017ರಲ್ಲಿ ಜಪಾನಿನ ನಿಪ್ಪಾನ್ ಫೌಂಡೇಶನ್ ಜೊತೆಗೂಡಿ, ಇಡೀ ಸಾಗರತಳವನ್ನು ಅಳೆಯುವ 'ಸೀಬೆಡ್ 2030' ಯೋಜನೆ ಆರಂಭವಾದಾಗ ಜಗತ್ತಿನ ಸಾಗರತಳದಲ್ಲಿ ಆಧುನಿಕ ಮಟ್ಟಕ್ಕೆ ಅಳೆದದ್ದು ಕೇವಲ ಶೇ. 6ರಷ್ಟಿತ್ತು, 2024ರ ಜೂನ್ ವೇಳೆಗೆ ಅದು ಶೇ. 26.1ಕ್ಕೆ, 2025ರ ಜೂನ್ ವೇಳೆಗೆ ಶೇ. 27.3ಕ್ಕೆ ಏರಿತು. ಅಂದರೆ ನಕ್ಷೆಯಲ್ಲಿ ತುಂಬಿ ತುಳುಕುವಂತೆ ಕಾಣುವ ಸಾಗರತಳದ ಮುಕ್ಕಾಲು ಪಾಲಿನಷ್ಟು ಭಾಗ ಇಂದಿಗೂ ಆ ಮಟ್ಟದ ಅಳತೆಗೆ ಕಾಯುತ್ತಿದೆ. ಮೊದಲ ಅಭ್ಯಾಸವಾಗಿ ಟಿಐಡಿ ಕಡತಕ್ಕೆ ಎರಡು ಬಣ್ಣ ಕೊಟ್ಟು ನೋಡಿ ಎಂದು ನಾನು ಪ್ರತಿಯೊಬ್ಬ ಬಳಕೆದಾರರಿಗೂ ಹೇಳುತ್ತೇನೆ: ಅಳೆದ ಚೌಕಗಳು ಹಡಗುಗಳ ದಾರಿಯಂತೆ ತೆಳು ಗೆರೆಗಳಾಗಿ ಹಾದುಹೋಗಿರುವುದು, ನಡುವೆ ವಿಶಾಲವಾದ ಅಂದಾಜಿನ ಬಯಲು ಉಳಿದಿರುವುದು ಒಂದೇ ನೋಟಕ್ಕೆ ಸಿಗುತ್ತದೆ.

ಚೌಕದ ಗಾತ್ರದ ಮಿತಿಯೂ ತಿಳಿದಿರಬೇಕು. ನಮ್ಮ ಅಕ್ಷಾಂಶದಲ್ಲಿ ಒಂದು ಚೌಕದ ಬದಿ ಸುಮಾರು 450ರಿಂದ 460 ಮೀಟರ್. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪ ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲ ಇದೆ. ಅದು ಒಂದೆರಡು ಚೌಕಗಳಲ್ಲಿ ಕರಗಿಹೋಗುವಷ್ಟು ಚಿಕ್ಕದು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲಕ್ಕೆ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾದ ಆ ಕಂಬಗಳನ್ನು ಈ ನಕ್ಷೆಯಲ್ಲಿ ಹುಡುಕಿ ನಿರಾಶರಾಗಬಾರದು. ದೋಣಿ ನಡೆಸಲು, ಬಂದರಿನ ಆಳ ತಿಳಿಯಲು ಈ ದತ್ತಾಂಶವನ್ನು ಬಳಸಲೇಬಾರದು ಎಂದು ಜೆಬ್ಕೊ ತಾನೇ ಎಚ್ಚರಿಸುತ್ತದೆ. ಆಳವಿಲ್ಲದ ನೀರಿನಲ್ಲಿ ಬೇರೆ ಬೇರೆ ಮೂಲಗಳ ಅಳತೆಗಳು ಬೇರೆ ಬೇರೆ ಸಮುದ್ರಮಟ್ಟವನ್ನು ಆಧಾರವಾಗಿಟ್ಟುಕೊಂಡಿರುವ ಸಾಧ್ಯತೆಯೂ ಇದೆ.

ಈಗ ಭೂಮಿಯ ಇತಿಹಾಸದ ವಿಷಯಕ್ಕೆ ಬರುತ್ತೇನೆ. ಈ ನಕ್ಷೆಯನ್ನು ಹಿಡಿದು ಕೂತವರಿಗೆ ಅದು ಇತಿಹಾಸವನ್ನೂ ಹೇಳಿಬಿಡುತ್ತದೆ ಎಂಬ ಭರವಸೆ ಹುಟ್ಟುವುದು ಸಹಜ. ಕೆಲವು ಕಡೆ ಆಕಾರವೇ ಸಾಕಷ್ಟು ಹೇಳುತ್ತದೆ. 1950ರ ದಶಕದ ಆರಂಭದಲ್ಲಿ ನಕ್ಷೆಗಾರ್ತಿ ಮೇರಿ ಥಾರ್ಪ್ ಅಟ್ಲಾಂಟಿಕ್ ಸಾಗರದ ಧ್ವನಿ ಅಳತೆಗಳನ್ನು ಕೈಯಲ್ಲೇ ಬಿಡಿಸುತ್ತ, ನಡುಸಾಗರದ ಏಣಿನ ನೆತ್ತಿಯುದ್ದಕ್ಕೂ ಒಂದು ಬಿರುಕು ಕಣಿವೆ ಸಾಗಿರುವುದನ್ನು ಗುರುತಿಸಿದಾಗ, ಖಂಡಗಳು ಸರಿಯುತ್ತವೆ ಎಂಬ ವಾದಕ್ಕೆ ನೆಲ ಸಿಕ್ಕಿತು. ಆದರೆ ಅರಬ್ಬೀ ಸಮುದ್ರದ ಕಾರ್ಲ್ಸ್‌ಬರ್ಗ್ ಏಣಿನ ವಿಷಯದಲ್ಲಿ ನಿರ್ಣಾಯಕವಾದದ್ದು ಆಕಾರವಲ್ಲ. 1962ರಲ್ಲಿ ಎಚ್‌ಎಂಎಸ್ ಓವೆನ್ ಹಡಗು ಅಲ್ಲಿ ನಡೆಸಿದ ಸಮೀಕ್ಷೆಯ ಕಾಂತೀಯ ಅಳತೆಗಳನ್ನು ಆಧರಿಸಿ, ಮರುವರ್ಷ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಸಾಗರತಳ ಹರಡುತ್ತಿದೆ ಎಂಬುದನ್ನು ವಿವರಿಸಿದರು. ಅಂದರೆ ನೆಲದ ಒಳಗೆ ಏನು ದಾಖಲಾಗಿದೆ ಎಂಬುದನ್ನು ಕೇಳದ ಹೊರತು ಮೇಲ್ಮೈ ಪೂರ್ತಿ ಮಾತಾಡುವುದಿಲ್ಲ.

ಇದಕ್ಕೆ ನಮಗೆ ಅತ್ಯಂತ ಹತ್ತಿರದ ಉದಾಹರಣೆ ಲಕ್ಷ್ಮೀ ಬೇಸಿನ್. ಜೆಬ್ಕೊ ನಕ್ಷೆಯಲ್ಲಿ, ಆ ಮೂರು ಬೆಟ್ಟಗಳನ್ನು ಬಿಟ್ಟರೆ, ಅದು ಬಹುಮಟ್ಟಿಗೆ ಒಂದು ನಯವಾದ ಬಯಲು. ವಿದ್ಯಾರ್ಥಿಗಳು ಅಲ್ಲಿ ಏನೂ ಇಲ್ಲವೆಂದು ಮುಂದೆ ಸಾಗಿಬಿಡುತ್ತಾರೆ. ಆ ಬಯಲಿನ ಕೆಳಗೆ ಜಗತ್ತಿನ ಅತಿ ದೊಡ್ಡ ಸಾಗರತಳ ಭೂಕುಸಿತಗಳಲ್ಲಿ ಒಂದು ಹೂತುಹೋಗಿದೆ. ಭೂಕಂಪನ ತರಂಗಗಳ ಸಮೀಕ್ಷೆಯಲ್ಲಿ ಕಂಡುಬಂದ ಅದಕ್ಕೆ ನಟರಾಜ ಕುಸಿತ ಎಂದು ಹೆಸರಿಟ್ಟಿದ್ದಾರೆ. 2015ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅದರ ಗಾತ್ರ ಸುಮಾರು 19,000 ಘನ ಕಿಲೋಮೀಟರ್ ಇರಬಹುದು. ಅದೇ ವರ್ಷದ ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ಜಾಯ್ಡೀಸ್ ರೆಸೊಲ್ಯೂಶನ್ ಎಂಬ ಕೊರೆತದ ಹಡಗು, ಅಂತರರಾಷ್ಟ್ರೀಯ ಕೊರೆತ ಕಾರ್ಯಕ್ರಮದ 355ನೆಯ ಯಾನದಲ್ಲಿ, ಭಾರತದ ಧನಂಜಯ್ ಪಾಂಡೆ ಮತ್ತು ಪೀಟರ್ ಕ್ಲಿಫ್ಟ್ ಅವರ ಜಂಟಿ ಮುಂದಾಳ್ತನದಲ್ಲಿ ಅಲ್ಲಿ ಎರಡು ತಾಣಗಳನ್ನು ಕೊರೆಯಿತು. ಯು1456 ಎಂಬ ತಾಣ ಭಾರತದ ಕರಾವಳಿಯಿಂದ ಸುಮಾರು 475 ಕಿ.ಮೀ. ಪಶ್ಚಿಮದಲ್ಲಿದೆ. ಅಲ್ಲಿ 3,640 ಮೀಟರ್ ನೀರನ್ನು ದಾಟಿ, ನೆಲದೊಳಕ್ಕೆ 1,109 ಮೀಟರ್ ಆಳದವರೆಗೆ ಕೊರೆದರು. 700 ಮೀಟರ್‌ಗೂ ಹೆಚ್ಚು ಹೂಳಿನ ಕೆಳಗೆ ಕುಸಿತದ ರಾಶಿ ಸಿಕ್ಕಿತು: ಇಲ್ಲಿ ಸುಮಾರು 330 ಮೀಟರ್ ದಪ್ಪ, ಇನ್ನೊಂದು ತಾಣವಾದ ಯು1457ರಲ್ಲಿ ಸುಮಾರು 190 ಮೀಟರ್. ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಮಾತ್ರ ರೂಪುಗೊಳ್ಳಬಲ್ಲ ಸುಣ್ಣಕಲ್ಲಿನ ತುಂಡುಗಳು, ಬಸಾಲ್ಟ್ ಚೂರುಗಳು ಅಷ್ಟು ಆಳದ ಕಡಲ ತಳದಲ್ಲಿ ರಾಶಿ ಬಿದ್ದಿದ್ದವು. ಅವು ಭಾರತದ ಪಶ್ಚಿಮ ಅಂಚಿನಿಂದ ಕಳಚಿ ಜಾರಿಬಂದವು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಆ ಘಟನೆ ನಡೆದದ್ದು ಸುಮಾರು 1.08 ಕೋಟಿ ವರ್ಷಗಳ ಹಿಂದೆ ಎಂದು ನಂತರದ ಅಧ್ಯಯನಗಳು ಹೇಳಿವೆ.

ಈ ಯಾನದ ವರದಿಗಳು, ಕೋರ್‌ಗಳ ಛಾಯಾಚಿತ್ರಗಳು, ಪದರ ಪದರದ ವಿವರಣೆಗಳು ಎಲ್ಲವೂ ಉಚಿತವಾಗಿ ತೆರೆದಿವೆ, ಹಾಗಾಗಿ ಅವನ್ನೂ ಈ ವಿಮರ್ಶೆಗೆ ಸೇರಿಸಿದ್ದೇನೆ. ಒಂದು ಕೋರ್ ಎಂದರೆ ಸುಮಾರು 9.5 ಮೀಟರ್ ಉದ್ದದ ಹೂಳಿನ ಕಂಬ. ಹಡಗಿನ ಮೇಲೆಯೇ ಅದನ್ನು 1.5 ಮೀಟರ್ ತುಂಡುಗಳಾಗಿ ಕತ್ತರಿಸಿ, ಬಿದಿರನ್ನು ಸೀಳಿದಂತೆ ಉದ್ದುದ್ದಕ್ಕೆ ಎರಡಾಗಿ ಸೀಳುತ್ತಾರೆ. ಒಂದು ಭಾಗವನ್ನು ಸಂಶೋಧಕರು ಮಾದರಿ ತೆಗೆಯಲು ಬಳಸುತ್ತಾರೆ, ಇನ್ನೊಂದನ್ನು ಮುಂದಿನವರಿಗಾಗಿ ಕಾಪಿಡುತ್ತಾರೆ. ಹಿಂದೂ ಮಹಾಸಾಗರದ ಕೋರ್‌ಗಳ ಉಗ್ರಾಣ ಜಪಾನಿನ ಕೊಚಿ ನಗರದಲ್ಲಿದೆ. ಕೇರಳದ ಕೊಚ್ಚಿಯೆಂದು ವಿದ್ಯಾರ್ಥಿಗಳು ಪ್ರತಿ ವರ್ಷವೂ ತಪ್ಪು ತಿಳಿಯುವುದರಿಂದ ಇದನ್ನು ಸ್ಪಷ್ಟಪಡಿಸುತ್ತಿದ್ದೇನೆ. ಛಾಯಾಚಿತ್ರಗಳನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೋಡುತ್ತ ಹೋದರೆ, ಸಿಂಧೂ ನದಿಯ ಹೂಳು ಹೊತ್ತ ಪ್ರವಾಹಗಳು ಬಂದಾಗಿನ ಬೂದು ಮರಳು ಮತ್ತು ಮೆಕ್ಕಲಿನ ಪದರಗಳು, ಪ್ರವಾಹಗಳು ನಿಂತಾಗ ಸೂಕ್ಷ್ಮಜೀವಿಗಳ ಚಿಪ್ಪುಗಳು ಮಳೆಯಂತೆ ಉದುರಿ ಕೂಡಿದ ತಿಳಿ ಬಣ್ಣದ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಆ ಚಿಪ್ಪುಗಳಲ್ಲಿ ಫೊರಾಮಿನಿಫೆರಾ ಎಂಬ ಗುಂಪು ಮುಖ್ಯವಾದದ್ದು. ಅವುಗಳ ಆಮ್ಲಜನಕದ ಐಸೊಟೋಪ್‌ಗಳ ಅನುಪಾತದಿಂದ ಹಿಮಯುಗಗಳ ಏರಿಳಿತ ತಿಳಿಯುತ್ತದೆ. ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ಜಾತಿ, ಮುಂಗಾರಿನ ಗಾಳಿ ಒಮಾನ್ ತೀರದಲ್ಲಿ ಆಳದ ತಣ್ಣೀರನ್ನು ಮೇಲಕ್ಕೆ ಎಳೆಯುವಾಗ ಹೆಚ್ಚುತ್ತದೆ; ಹಾಗಾಗಿ ಹೂಳಿನ ಯಾವ ಪದರದಲ್ಲಿ ಅದರ ಚಿಪ್ಪು ಎಷ್ಟಿದೆ ಎಂದು ಎಣಿಸಿದರೆ ಆ ಕಾಲದ ಮುಂಗಾರು ಗಾಳಿಯ ಬಲವನ್ನು ಊಹಿಸಬಹುದು. ಅದೇ 2015ರಲ್ಲಿ ಮಾಲ್ದೀವ್ಸ್ ಬಳಿ ನಡೆದ 359ನೆಯ ಯಾನದ ಸಂಶೋಧಕರು, ಇಂದಿನ ರೂಪದ ಮುಂಗಾರು ಗಾಳಿಗಳು ಸುಮಾರು 1.29 ಕೋಟಿ ವರ್ಷಗಳ ಹಿಂದೆ ಹಠಾತ್ತಾಗಿ ಆರಂಭವಾದವು ಎಂದು ಅಲ್ಲಿನ ಹೂಳಿನಿಂದ ತೀರ್ಮಾನಿಸಿದರು. ಜೂನ್ ತಿಂಗಳಲ್ಲಿ ನಮ್ಮ ತರಗತಿಯ ಕಿಟಕಿಗೆ ಬಡಿಯುವ ಮಳೆಯ ವಯಸ್ಸನ್ನು ಕಡಲ ಕೆಸರಿನಿಂದ ಓದಬಹುದು ಎಂದಾಗ ಹಿಂದಿನ ಬೆಂಚಿನವರೂ ಮುಂದಕ್ಕೆ ಬಂದು ಕೂರುತ್ತಾರೆ.

ಕೋರ್ ವರದಿಗಳ ಭಾಷೆ ಕಠಿಣ, ಸಂಕ್ಷೇಪಗಳು ವಿಪರೀತ. ಪದವಿ ವಿದ್ಯಾರ್ಥಿಗಳಿಗೆ ಅಧ್ಯಾಪಕರ ನೆರವಿಲ್ಲದೆ ಅವು ದಕ್ಕುವುದಿಲ್ಲ. ಆದರೆ ಜೆಬ್ಕೊದಲ್ಲಿ ನಾನು ಮೆಚ್ಚಿದ ಗುಣ ಇಲ್ಲಿಯೂ ಇದೆ. ಸಡಿಲ ಮರಳಿನ ಪದರಗಳು ಕೊಳವೆಯಿಂದ ಜಾರಿ ಹೋಗುತ್ತವೆ, ಕೊರೆದಷ್ಟೂ ಕೈಗೆ ಬರುವುದಿಲ್ಲ. ಎಷ್ಟು ಕೊರೆದೆವು, ಅದರಲ್ಲಿ ಎಷ್ಟು ಮೇಲೆ ಬಂತು ಎಂಬುದನ್ನು ಪ್ರತಿ ಕೋರ್‌ನ ಪಕ್ಕದಲ್ಲೂ ತೋರಿಸಿರುತ್ತಾರೆ. ನನ್ನ ವಿದ್ಯಾರ್ಥಿಗಳು ಈಗ ಟಿಐಡಿ ಸಂಕೇತವನ್ನು ಕೇಳುವ ರೀತಿಯಲ್ಲೇ ಇದನ್ನೂ ಕೇಳುತ್ತಾರೆ. ನನಗೆ ಇರುವ ನಿಜವಾದ ಕಳವಳ ಬೇರೆ: ಇಷ್ಟೆಲ್ಲ ಕೋರ್‌ಗಳನ್ನು ತಂದ ಜಾಯ್ಡೀಸ್ ರೆಸೊಲ್ಯೂಶನ್ 2024ರಲ್ಲಿ ತನ್ನ ವೈಜ್ಞಾನಿಕ ಯಾನಗಳನ್ನು ಮುಗಿಸಿತು. ಮೇಲ್ಮೈಯ ನಕ್ಷೆ ವರ್ಷದಿಂದ ವರ್ಷಕ್ಕೆ ತುಂಬುತ್ತಿರುವಾಗ, ಆಳವನ್ನು ಓದುವ ಒಂದು ಮುಖ್ಯ ಸಾಧನ ಕೈತಪ್ಪಿರುವುದು ದುಃಖದ ಸಂಗತಿ. ಜಪಾನ್, ಯುರೋಪ್ ಮತ್ತು ಚೀನಾದ ಹಡಗುಗಳು ಆ ಕೆಲಸವನ್ನು ಮುಂದುವರಿಸಲಿ ಎಂದು ಹಾರೈಸುತ್ತೇನೆ.

ಭೂವಿಜ್ಞಾನ, ಭೂಗೋಳ ಕಲಿಸುವ ಕಾಲೇಜುಗಳು, ಆಸಕ್ತಿಯುಳ್ಳ ಪ್ರೌಢಶಾಲಾ ಶಿಕ್ಷಕರು, ಕರಾವಳಿಯ ಬಗ್ಗೆ ಬರೆಯುವ ಪತ್ರಕರ್ತರು ಜೆಬ್ಕೊ ದತ್ತಾಂಶವನ್ನು ನಿಸ್ಸಂಕೋಚವಾಗಿ ಬಳಸಬಹುದು. ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಉಳಿದ ಅರ್ಧ ಅಂಕ, ಟಿಐಡಿ ಕಡತವನ್ನು ಮುಖ್ಯ ನಕ್ಷೆಯೊಡನೆ ಕಡ್ಡಾಯವಾಗಿ ಸೇರಿಸಿ ಕೊಡುವ ದಿನಕ್ಕೆ. ಇಳಿಸಿಕೊಳ್ಳುವಾಗ ಆವೃತ್ತಿಯ ವರ್ಷವನ್ನು ಕಡತದ ಹೆಸರಿನಲ್ಲಿಯೇ ಉಳಿಸಿಕೊಳ್ಳಿ, ಏಕೆಂದರೆ ಈ ವರ್ಷ 40 ಇದ್ದ ಚೌಕ ಮುಂದಿನ ವರ್ಷ 11 ಆಗಿರಬಹುದು, ಆಗ ಅದರ ಆಳವೂ ಬದಲಾಗುತ್ತದೆ. ಬರುವ ಅವಧಿಯಲ್ಲಿ ಕಾರವಾರದ ಎದುರಿನ ಅದೇ ಗೆರೆಯನ್ನು ಹೊಸ ಆವೃತ್ತಿಯ ಮೇಲೆ ಎಳೆಸಿ, ಹಿಂದಿನ ಅಡ್ಡಸೀಳಿನ ಪಕ್ಕದಲ್ಲಿಟ್ಟು, ಯಾವ ದಿಣ್ಣೆ ಉಳಿಯಿತು, ಯಾವುದು ಹೋಯಿತು ಎಂದು ನೋಡಲಿದ್ದೇವೆ. ಆಮೇಲೆ ಅದೇ ಹಾಳೆಯಲ್ಲಿ ಯು1456 ತಾಣವನ್ನು ಗುರುತಿಸಿ, ಅದರ ಕೆಳಗೆ 1,109 ಮೀಟರ್‌ಗಳ ಹೂಳಿನ ಕಂಬವನ್ನು ಅಳತೆಗೆ ಸರಿಯಾಗಿ ಬಿಡಿಸಬೇಕು.